ಬಾನೆಟ್ ಒಳಗಿನ ಗರಗರ: ಕಾರಿನ ಬೆಲ್ಟ್ ಪುಲ್ಲಿ ಬೇರಿಂಗ್ ನೀವೇ ಬದಲಿಸುವುದು ಹೇಗೆ

ಇಂಜಿನ್ ಸ್ಟಾರ್ಟ್ ಆದ ಕೂಡಲೇ ಬಾನೆಟ್ ಒಳಗಿಂದ ಗರಗರ ಸದ್ದು, ಇಲ್ಲವೇ ಒಂದು ಸಣ್ಣ ಸಿಳ್ಳೆ. ಗ್ಯಾರೇಜಿಗೆ ಹೋದರೆ ಮೊದಲು ಸಿಗುವ ಉತ್ತರ "ಫ್ಯಾನ್ ಬೆಲ್ಟ್ ಹೋಗಿದೆ ಸಾರ್, ಹೊಸದು ಹಾಕೋಣ". ಹಾಕಿಸುತ್ತೀರಿ. ಕೆಲವು ದಿನ ಸುಮ್ಮನಿದ್ದ ಸದ್ದು ಮತ್ತೆ ಶುರುವಾಗುತ್ತದೆ. ಯಾಕಂದ್ರೆ ಬೆಲ್ಟ್ ಚೆನ್ನಾಗಿಯೇ ಇತ್ತು, ಅದು ಸುತ್ತಿಕೊಂಡಿರುವ ಪುಲ್ಲಿಯೊಳಗಿನ ಬೇರಿಂಗ್ (ಎರಡು ಉಂಗುರಗಳ ನಡುವೆ ಉಕ್ಕಿನ ಗುಂಡುಗಳಿದ್ದು ಪುಲ್ಲಿ ಸರಾಗ ತಿರುಗುವಂತೆ ಮಾಡುವ ಭಾಗ) ಒಣಗಿತ್ತು. ಬೇರಿಂಗ್ ಬೆಲೆ ಕೆಲವು ನೂರು ರೂಪಾಯಿ. ಅದನ್ನು ಬದಲಿಸದೆ ಬಿಟ್ಟರೆ ಒಂದು ದಿನ ಪುಲ್ಲಿ ಓಲಾಡಿ ಬೆಲ್ಟ್ ಹಾರುತ್ತದೆ, ಬ್ಯಾಟರಿ ಚಾರ್ಜ್ ನಿಲ್ಲುತ್ತದೆ, ಕೆಲವು ಕಾರುಗಳಲ್ಲಿ ವಾಟರ್ ಪಂಪೂ ನಿಂತು ಇಂಜಿನ್ ಕಾಯುತ್ತದೆ. ಅದೂ ಶಿರಾಡಿ ಘಾಟ್ ಮಧ್ಯದಲ್ಲಿ ಆದರೆ ಕೇಳಬೇಡಿ.

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಬಿಚ್ಚುವುದು ಜೋಡಿಸುವುದು ಅಂಥ ಕಷ್ಟ ಏನಲ್ಲ. ಎಡವಟ್ಟಾಗುವುದು ಎರಡು ಕಡೆ: ಯಾವ ಬೇರಿಂಗ್ ಹೋಗಿದೆ ಅಂತ ಪತ್ತೆ ಹಚ್ಚುವಾಗ, ಮತ್ತೆ ಹೊಸದನ್ನು ಪುಲ್ಲಿಗೆ ಒತ್ತಿ ಕೂರಿಸುವಾಗ. ಅದಕ್ಕೇ ಆ ಎರಡರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಯಾವ ಬೆಲ್ಟ್, ಯಾವ ಪುಲ್ಲಿ

ಇಂಜಿನ್ ತಾನೇ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ರಬ್ಬರ್ ಬೆಲ್ಟ್ ಆಲ್ಟರ್ನೇಟರ್ (ನಮ್ಮಲ್ಲಿ ಈಗಲೂ ಹಲವರು ಡೈನಮೋ ಅಂತಲೇ ಕರೆಯುತ್ತಾರೆ), ಎಸಿ ಕಂಪ್ರೆಸರ್, ಇದ್ದರೆ ಪವರ್ ಸ್ಟೀರಿಂಗ್ ಪಂಪ್, ಕೆಲವು ಇಂಜಿನ್‌ಗಳಲ್ಲಿ ವಾಟರ್ ಪಂಪ್, ಇಷ್ಟನ್ನೂ ತಿರುಗಿಸುತ್ತದೆ. ಇವುಗಳ ನಡುವೆ ಬೆಲ್ಟಿನ ದಾರಿ ತಿರುಗಿಸಲು ಐಡ್ಲರ್ ಪುಲ್ಲಿ, ಬಿಗಿ ಹಿಡಿಯಲು ಟೆನ್ಷನರ್ ಪುಲ್ಲಿ ಇರುತ್ತದೆ. ಈ ಎರಡಕ್ಕೆ ಬೆಲ್ಟಿನ ಒತ್ತಡ ತಾಳಿಕೊಂಡು ತಿರುಗುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದೂ ಇವೇ.

ಕಾರಣ ವೇಗ. ಕ್ರ್ಯಾಂಕ್ ಪುಲ್ಲಿ 140 ಮಿಲಿಮೀಟರ್, ಐಡ್ಲರ್ 70 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಐಡ್ಲರ್ 6000 ಸುತ್ತು ಹಾಕುತ್ತದೆ. ಅದೂ ಇಂಜಿನ್ ಬಿಸಿಯ ಪಕ್ಕದಲ್ಲೇ, ಚಕ್ರದಿಂದ ಹಾರುವ ಕೆಸರು ನೀರಿಗೆ ಮೈಯೊಡ್ಡಿಕೊಂಡು. ಒಳಗಿರುವ ಚೂರು ಗ್ರೀಸ್ ಒಣಗಿತೋ, ನೀರಲ್ಲಿ ತೊಳೆದುಹೋಯಿತೋ, ಅಲ್ಲಿಗೆ ಬೇರಿಂಗ್ ಕಥೆ ಮುಗಿಯಿತು. ಮಲೆನಾಡು, ಕರಾವಳಿ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಈ ಸದ್ದು ಶುರುವಾಗುವುದು ಸುಮ್ನೆ ಅಲ್ಲ. ಆಯುಧಪೂಜೆಗೆ ಅಂತ ವಾಟರ್ ಸರ್ವಿಸ್‌ಗೆ ಕೊಟ್ಟು, ಹುಡುಗ ಬಾನೆಟ್ ತೆಗೆದು ಪ್ರೆಶರ್ ಗನ್ ನೇರವಾಗಿ ಪುಲ್ಲಿಗೆ ಹಿಡಿದ ಮೇಲೆ ಶುರುವಾಗುವುದೂ ಉಂಟು. ಬೇರಿಂಗಿನ ರಬ್ಬರ್ ಸೀಲ್ ಧೂಳು, ಸಿಡಿಯುವ ನೀರು ತಡೆಯುತ್ತದೆ. ಒತ್ತಡದ ಧಾರೆಯನ್ನು ತಡೆಯುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಹೊರಗೆ ಕಾಣುವ ಬೆಲ್ಟಿನ ವಿಷಯ ಮಾತ್ರ. ಇಂಜಿನ್ ಮುಂಭಾಗದ ಕವರ್ ಒಳಗಿರುವ ಟೈಮಿಂಗ್ ಬೆಲ್ಟಿಗೂ ಐಡ್ಲರ್, ಟೆನ್ಷನರ್ ಇರುತ್ತವೆ. ಅವುಗಳ ತಂಟೆಗೆ ಈ ಬರಹ ಓದಿಕೊಂಡು ಹೋಗಬೇಡಿ. ಅಲ್ಲಿ ಹಲ್ಲು ತಪ್ಪಿದರೆ ವಾಲ್ವ್ ಬಾಗಬಹುದು.

ಮೊದಲು ಕಳ್ಳನನ್ನು ಹಿಡಿಯಿರಿ

ಸದ್ದಿನಲ್ಲೇ ಅರ್ಧ ಉತ್ತರ ಇದೆ. ಕೀಚ್ ಕೀಚ್ ಅಂತ ತಾಳ ಹಾಕಿದ ಹಾಗೆ ಬಂದರೆ ಬೆಲ್ಟ್ ಒಂದೇ ಸಾಲಿನಲ್ಲಿ ಓಡುತ್ತಿಲ್ಲ ಅಂತ ಅನುಮಾನ ಪಡಿ. ಕ್ರೀ...ಅಂತ ಉದ್ದಕ್ಕೆ ಎಳೆದರೆ, ಅದರಲ್ಲೂ ಎಸಿ ಹಾಕಿದಾಗ ಅಥವಾ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ, ಬೆಲ್ಟ್ ಜಾರುತ್ತಿದೆ. ಒಣ ಗರಗರ, ಗುರ್ ಅಂತ ಉಜ್ಜುವ ಸದ್ದು ಬಂದು ಅದು ಆಕ್ಸಿಲರೇಟರ್ ಜೊತೆಗೇ ಏರಿದರೆ ಬೇರಿಂಗ್.

ಅನುಮಾನ ತೀರದಿದ್ದರೆ ನೀರಿನ ಪರೀಕ್ಷೆ ಮಾಡಿ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ದೂರದಿಂದ, ಬೆಲ್ಟಿನ ಗೆರೆ ಇರುವ ಬದಿಗೆ ಒಂದೆರಡು ಸಲ ಪಿಚಕ್ ಅನ್ನಿಸಿ. ಸದ್ದು ಒಂದು ಕ್ಷಣ ಕಮ್ಮಿಯಾಗಿ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸದ್ದು ಜಾಸ್ತಿಯಾದರೆ ಬಿಗಿ ಸಾಲದು. ನೀರಿಗೆ ಕ್ಯಾರೇ ಅನ್ನದೆ ಗರಗರ ಮುಂದುವರಿದರೆ ಅದು ಬೇರಿಂಗಿನದೇ. ಅಂಗಡಿಯಲ್ಲಿ ಸಿಗುವ ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ, ಸೋಪು, ಪೌಡರ್ ಯಾವುದನ್ನೂ ಹಾಕಬೇಡಿ. ಸದ್ದು ಮುಚ್ಚಿಹೋಗುತ್ತದೆ, ರೋಗ ಹಾಗೇ ಇರುತ್ತದೆ, ಮೇಲಿಂದ ಬೆಲ್ಟ್ ಧೂಳು ಹಿಡಿಯಲು ಶುರುಮಾಡುತ್ತದೆ.

ಯಾವ ಪುಲ್ಲಿ ಅಂತ ತಿಳಿಯಲು ಹಳೇ ಮೆಕ್ಯಾನಿಕ್‌ಗಳ ಉಪಾಯವೇ ಈಗಲೂ ಚೆನ್ನ. ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ತಿರುಗದ ಭಾಗಕ್ಕೆ, ಅಂದರೆ ಆಲ್ಟರ್ನೇಟರ್ ಬಾಡಿಗೆ, ಎಸಿ ಕಂಪ್ರೆಸರ್ ಬಾಡಿಗೆ, ಐಡ್ಲರ್ ಕೂತಿರುವ ಬ್ರಾಕೆಟ್ಟಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಇಡಿ. ಹೋದ ಬೇರಿಂಗ್ ಹತ್ತಿರ ಬಂದಾಗ ಸದ್ದು ತಲೆಯೊಳಗೇ ಕೇಳಿಸುತ್ತದೆ. ಲೂಸ್ ಬಟ್ಟೆ, ದುಪಟ್ಟಾ, ಕೈಗೆ ಕಟ್ಟಿದ ದಾರ, ಉಂಗುರ, ಎಲ್ಲ ತೆಗೆದಿಟ್ಟು ಈ ಕೆಲಸ ಮಾಡಿ. ಓಡುವ ಬೆಲ್ಟ್ ಹತ್ತಿರ ಕೈ ಹೋಗುವ ಹಾಗಿದ್ದರೆ ಈ ಪರೀಕ್ಷೆಯನ್ನೇ ಬಿಟ್ಟುಬಿಡಿ. ಬೆಲ್ಟ್ ತೆಗೆದ ಮೇಲೆ ಹೇಗೂ ಗೊತ್ತಾಗುತ್ತದೆ.

ಕೊನೆಯ ಪರೀಕ್ಷೆ ಅದೇ: ಬೆಲ್ಟ್ ತೆಗೆದು ಇಂಜಿನ್ ಓಡಿಸಿ. ಸದ್ದು ಮಾಯವಾದರೆ ಅದು ಬೆಲ್ಟಿನ ದಾರಿಯಲ್ಲೇ ಇದೆ. ಹಾಗೇ ಇದ್ದರೆ ಇಂಜಿನ್ ಒಳಗಿನದು, ಈ ಬರಹ ಇಲ್ಲಿಗೆ ಬಿಡಿ. ಅರ್ಧ ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ, ವಾಟರ್ ಪಂಪ್ ಇದೇ ಬೆಲ್ಟಿನಲ್ಲಿದ್ದರೆ ನೀರು ಸುತ್ತುತ್ತಿರುವುದಿಲ್ಲ. ಬ್ಯಾಟರಿ ದೀಪ ಉರಿಯುತ್ತದೆ, ಅದಕ್ಕೆ ಗಾಬರಿ ಬೇಡ.

ಏನೇನು ಬೇಕು

ಸಾಕೆಟ್ ಸೆಟ್, ಉದ್ದದ ರಾಡ್, ಟಾರ್ಕ್ ವ್ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್), ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ) ತೆಗೆಯುವ ಪ್ಲಯರ್, ಸೂಕ್ಷ್ಮ ಅಳತೆಗೆ ವರ್ನಿಯರ್ ಕ್ಯಾಲಿಪರ್. ಬೇರಿಂಗ್ ಒತ್ತಲು ಗಟ್ಟಿಮುಟ್ಟಾದ ಬೆಂಚ್ ವೈಸ್, ಅದಿಲ್ಲದಿದ್ದರೆ ಒಂದು ಅಡಿ ಉದ್ದದ 16 ಮಿಲಿಮೀಟರ್ ಥ್ರೆಡ್ ರಾಡ್, ಎರಡು ನಟ್ಟು, ದಪ್ಪ ವಾಷರ್‌ಗಳು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಯಾರಿಂದಲಾದರೂ ಇಸ್ಕೊಳ್ಳಿ. ಜ್ಯಾಕ್ ಜೊತೆ ಸ್ಟ್ಯಾಂಡ್ ಇರಲೇಬೇಕು, ಯಾಕಂದ್ರೆ ಇಂಜಿನ್ ಅಡ್ಡಡ್ಡ ಕೂತಿರುವ ಚಿಕ್ಕ ಕಾರುಗಳಲ್ಲಿ ಬೆಲ್ಟ್ ಬದಿಗೆ ಕೈ ಹೋಗಬೇಕೆಂದರೆ ಆ ಕಡೆಯ ಮುಂದಿನ ಚಕ್ರ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ಕವರ್ ತೆಗೆಯಬೇಕಾಗುತ್ತದೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ.

ಬೆಲ್ಟ್ ಬಿಚ್ಚುವುದು

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ರೇಡಿಯೇಟರ್ ಫ್ಯಾನ್ ಕೂಡ ಬಿಸಿ ಇಂಜಿನ್‌ನಲ್ಲಿ ತಾನಾಗೇ ತಿರುಗಬಹುದು.

ಬೆಲ್ಟ್ ಮುಟ್ಟುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಮೇಲಿಂದ ಒಂದು, ಚಕ್ರದ ಬದಿಯಿಂದ ಒಂದು. ಕೆಲವು ಕಾರುಗಳಲ್ಲಿ ಬಾನೆಟ್ ಕೆಳಗೆ ಬೆಲ್ಟಿನ ದಾರಿ ತೋರಿಸುವ ಸ್ಟಿಕ್ಕರ್ ಇರುತ್ತದೆ, ಆದರೂ ಫೋಟೊ ಇರಲಿ. ಹಳೇ ಬೆಲ್ಟನ್ನೇ ವಾಪಸ್ ಹಾಕುವುದಾದರೆ ತಿರುಗುವ ದಿಕ್ಕಿಗೆ ಚಾಕ್‌ಪೀಸಿನಲ್ಲಿ ಬಾಣ ಬರೆಯಿರಿ.

ಇಲ್ಲಿ ಮೂರು ಜಾತಿ ಕಾರುಗಳಿವೆ. ಸ್ಪ್ರಿಂಗ್ ಇರುವ ಆಟೊಮ್ಯಾಟಿಕ್ ಟೆನ್ಷನರ್ ಇದ್ದರೆ, ಅದರ ತೋಳಿನ ಮೇಲೆ ಸಾಕೆಟ್ ಕೂರಿಸಲು ಆರು ಮೂಲೆಯ ಉಬ್ಬು ಅಥವಾ ರಾಡ್ ತೂರಿಸಲು ಚೌಕದ ತೂತು ಇರುತ್ತದೆ. ಉದ್ದ ರಾಡ್ ಹಾಕಿ ನಿಧಾನಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲವಾಗುತ್ತದೆ, ಆಗ ಐಡ್ಲರ್ ಮೇಲಿಂದ ಜಾರಿಸಿ. ಐಡ್ಲರ್‌ಗೆ ಅಂಚು ಇಲ್ಲದಿದ್ದರೆ ಅಲ್ಲಿಂದ ಬೆಲ್ಟ್ ಸುಲಭವಾಗಿ ಬರುತ್ತದೆ. ಸ್ಪ್ರಿಂಗ್ ಬಲ ಜೋರಾಗಿರುತ್ತದೆ, ಒಮ್ಮೆಲೇ ಬಿಟ್ಟರೆ ಬೆರಳು ಜಜ್ಜುತ್ತದೆ. ತೋಳು ಮತ್ತು ಬಾಡಿಯ ತೂತುಗಳು ಎದುರಾದಾಗ ಪಿನ್ ಹಾಕಿ ನಿಲ್ಲಿಸುವ ವ್ಯವಸ್ಥೆ ಕೆಲವಕ್ಕೆ ಇರುತ್ತದೆ, ಇದ್ದರೆ ಬಳಸಿ.

ಎರಡನೆಯದು ಕೈಯಲ್ಲೇ ಬಿಗಿ ಮಾಡುವ ಪದ್ಧತಿ. ಹಳೇ ಚಿಕ್ಕ ಕಾರುಗಳ ಎಸಿ ಬೆಲ್ಟ್ ನೋಡಿದವರಿಗೆ ಗೊತ್ತಿರುತ್ತದೆ. ಐಡ್ಲರ್ ಪುಲ್ಲಿಯ ನಡುವೆ ಲಾಕ್ ನಟ್, ಮೇಲೆ ಅಥವಾ ಕೆಳಗೆ ಉದ್ದನೆಯ ಅಡ್ಜಸ್ಟ್ ಬೋಲ್ಟ್. ಮೊದಲು ನಡುವಿನ ನಟ್ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಅಡ್ಜಸ್ಟ್ ಬೋಲ್ಟ್ ತಿರುಗಿಸಿ. ನಟ್ ಬಿಗಿಯಾಗಿದ್ದಾಗಲೇ ಬೋಲ್ಟ್ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ.

ಮೂರನೆಯದು ಟೆನ್ಷನರೇ ಇಲ್ಲದ, ಹಿಗ್ಗುವ ಬೆಲ್ಟ್. ಇದನ್ನು ಹಾಕಲು ಬೇರೆಯೇ ಟೂಲ್ ಬೇಕು. ಬಿಚ್ಚಲು ಸಾಮಾನ್ಯವಾಗಿ ಕತ್ತರಿಸಿಯೇ ಬಿಡುತ್ತಾರೆ. ಹಾಗಾಗಿ ಹೊಸ ಬೆಲ್ಟ್ ಕೈಯಲ್ಲಿಲ್ಲದೆ ಹಳೆಯದಕ್ಕೆ ಕತ್ತರಿ ಹಾಕಬೇಡಿ.

ಈಗ ಕೈಗೆ ಕೆಲಸ

ಬೆಲ್ಟ್ ಹೊರಗೆ ಬಂದಿದೆ. ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಇಲ್ಲಿ ತುಂಬಾ ಜನ ಉಲ್ಟಾ ತಿಳಿದುಕೊಳ್ಳುತ್ತಾರೆ. ಒಮ್ಮೆ ತಟ್ಟಿದರೆ ಸುಯ್ ಅಂತ ಹತ್ತಾರು ಸುತ್ತು ತಿರುಗುವ ಪುಲ್ಲಿ ಚೆನ್ನಾಗಿದೆ ಅಂತ ಅಲ್ಲ, ಅದರಲ್ಲಿ ಗ್ರೀಸ್ ಖಾಲಿ ಅಂತ. ಸೀಲ್ ಇರುವ ಒಳ್ಳೆಯ ಬೇರಿಂಗ್ ಸ್ವಲ್ಪ ಭಾರವಾಗಿ, ಸದ್ದಿಲ್ಲದೆ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಒಣಗಿದ್ದು ತಿರುಗುವಾಗ ಒಳಗೆ ಮರಳು ಇದ್ದ ಹಾಗೆ ಕರಕರ ಅನ್ನುತ್ತದೆ. ಇನ್ನೊಂದು ಕೈಯನ್ನು ಬ್ರಾಕೆಟ್ ಮೇಲಿಟ್ಟು ನಿಧಾನಕ್ಕೆ ತಿರುಗಿಸಿ, ಕಿವಿಗೆ ಕೇಳದ ಒರಟು ಬೆರಳಿಗೆ ಗೊತ್ತಾಗುತ್ತದೆ. ಪುಲ್ಲಿಯ ಅಂಚು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಪ್ಲೇ (ಸಡಿಲ) ಇದ್ದರೆ ಬೇರೆ ಮಾತೇ ಬೇಡ.

ಟೆನ್ಷನರ್ ಇದ್ದರೆ ಪುಲ್ಲಿ ಮಾತ್ರ ನೋಡಿ ಬಿಡಬೇಡಿ, ಅದರ ತೋಳನ್ನೂ ಆಡಿಸಿ. ಅದು ಸರಾಗವಾಗಿ ಹೋಗಿ ಬರಬೇಕು, ಮಧ್ಯೆ ಸಿಕ್ಕಿಹಾಕಿಕೊಳ್ಳಬಾರದು, ಪಕ್ಕಕ್ಕೆ ಓಲಾಡಬಾರದು. ತೋಳಿನ ಬುಶ್ (ಒಳಗಿನ ಕೊಳವೆಯಂಥ ಭಾಗ) ಸವೆದಿದ್ದರೆ ಪುಲ್ಲಿ ವಾರೆಯಾಗುತ್ತದೆ, ಬೆಲ್ಟ್ ಒಂದು ಬದಿಗೆ ಸರಿಯುತ್ತದೆ, ಅದೇ ಹೊಸ ಬೇರಿಂಗನ್ನೂ ತಿನ್ನುತ್ತದೆ. ಅಂಥಲ್ಲಿ ಪೂರ್ತಿ ಟೆನ್ಷನರ್ ಬದಲಿಸುವುದೇ ಸರಿ. ದುಡ್ಡು ಉಳಿಸಲು ಹೋಗುವ ಜಾಗ ಇದಲ್ಲ.

ಒಂದು ಐಡ್ಲರ್ ಹೋಗಿದೆ ಅಂದರೆ ಅಷ್ಟೇ ಕಿಲೋಮೀಟರ್ ಓಡಿರುವ ಇನ್ನೊಂದರದ್ದೂ ಅದೇ ವಯಸ್ಸು. ಎರಡನ್ನೂ ಒಟ್ಟಿಗೆ ಮಾಡಿಬಿಡಿ.

ಪುಲ್ಲಿ ಬಿಚ್ಚಿ, ನಂಬರ್ ಓದಿ

ಪುಲ್ಲಿಯ ನಡುವೆ ಧೂಳಿನ ಮುಚ್ಚಳ ಇದ್ದರೆ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ. ಬೋಲ್ಟ್ ಬಿಚ್ಚುವ ಮುಂಚೆ ಒಂದು ಎಚ್ಚರ: ಕೆಲವು ಟೆನ್ಷನರ್ ಪುಲ್ಲಿಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬೋಲ್ಟ್ ತಲೆಯ ಮೇಲೆ ಬಾಣದ ಗುರುತೋ ಇಂಗ್ಲಿಷಿನ ಎಲ್ ಅಕ್ಷರವೋ ಇದೆಯಾ ನೋಡಿ. ಮಾಮೂಲಿ ದಿಕ್ಕಿನಲ್ಲಿ ಜಗ್ಗದಿದ್ದರೆ ರಾಡಿಗೆ ಪೈಪ್ ಸಿಕ್ಕಿಸುವ ಬದಲು ನಿಂತು ಯೋಚಿಸಿ.

ಬೋಲ್ಟ್ ಬಂದಾಗ ಅದರ ಹಿಂದೆ ವಾಷರ್, ಬುಶ್, ಸ್ಪೇಸರ್ ಏನಿದ್ದರೂ ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆಯಿರಿ. ಬುಶ್ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇರುವುದುಂಟು. ಅದು ತಿರುಗಮುರುಗಾದರೆ ಪುಲ್ಲಿ ಸಾಲು ತಪ್ಪುತ್ತದೆ.

ಪುಲ್ಲಿಯನ್ನು ಕೈಯಲ್ಲಿ ಹಿಡಿದು ನೋಡಿ. ಪ್ಲಾಸ್ಟಿಕ್ ಪುಲ್ಲಿಯಾಗಿದ್ದು, ಬೇರಿಂಗಿನ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದಂತಿದ್ದರೆ ಬೇರಿಂಗ್ ಬದಲಿಸುವ ಆಸೆ ಬಿಡಿ. ಒತ್ತಿ ತೆಗೆದರೆ ಪ್ಲಾಸ್ಟಿಕ್ ಹಿಡಿತ ಹೋಗುತ್ತದೆ, ಹೊಸದು ಓಡುವಾಗ ಜಾರುತ್ತದೆ. ಹೊಸ ಪುಲ್ಲಿಯನ್ನೇ ತನ್ನಿ, ಬೇರಿಂಗ್ ಅದರ ಜೊತೆಗೇ ಬರುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ಪುಲ್ಲಿಯಾಗಿದ್ದು, ಬೇರಿಂಗ್ ಸರ್ಕ್ಲಿಪ್ ಹಿಡಿತದಲ್ಲೋ ಬರೀ ಬಿಗಿತದಲ್ಲೋ ಕೂತಿದ್ದರೆ ಬದಲಿಸಬಹುದು. ಅಂಚನ್ನು ಬೇರಿಂಗ್ ಮೇಲೆ ಮಡಚಿ ಕೂರಿಸಿದ್ದರೆ, ಆ ಮಡಿಕೆ ಅರೆದು ಬೇರಿಂಗ್ ತೆಗೆಯುವವರಿದ್ದಾರೆ. ನಾನಾದರೆ ಮಾಡುವುದಿಲ್ಲ, ಆಮೇಲೆ ಅದನ್ನು ಹಿಡಿಯಲು ಏನೂ ಉಳಿದಿರುವುದಿಲ್ಲ.

ಬೇರಿಂಗ್ ನಂಬರ್ ರಬ್ಬರ್ ಸೀಲ್ ಮೇಲೋ ಉಕ್ಕಿನ ಉಂಗುರದ ಮೇಲೋ ಇರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ಬೆಳಕು ವಾರೆಯಾಗಿ ಬಿಟ್ಟು ನೋಡಿ. 6203 ಅಂತಿದ್ದರೆ ಒಳತೂತು 17, ಹೊರಸುತ್ತು 40, ದಪ್ಪ 12 ಮಿಲಿಮೀಟರ್. ಐಡ್ಲರ್‌ಗಳಲ್ಲಿ ಇದು ತುಂಬಾ ಕಾಣಿಸುತ್ತದೆ. 6202 ಆದರೆ 15, 35, 11. 6303 ಆದರೆ 17, 47, 14. ಕೊನೆಯ ಎರಡು ಅಂಕೆ ಒಳತೂತಿನ ಗುರುತು: 00 ಅಂದರೆ 10 ಮಿಲಿಮೀಟರ್, 01 ಅಂದರೆ 12, 02 ಅಂದರೆ 15, 03 ಅಂದರೆ 17, ಅಲ್ಲಿಂದ ಮುಂದೆ 04ಕ್ಕೆ 20, 05ಕ್ಕೆ 25, ಹೀಗೆ ಐದರಿಂದ ಗುಣಿಸುತ್ತಾ ಹೋಗಬಹುದು. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್‌ನಲ್ಲಿ ಮೂರೂ ಅಳತೆ ತೆಗೆದುಕೊಂಡು ಹೋಗಿ, ಬೇರಿಂಗ್ ಅಂಗಡಿಯವರು ಕಣ್ಣು ಮುಚ್ಚಿ ಹೇಳುತ್ತಾರೆ.

ಅಂಗಡಿಯಲ್ಲಿ ಏನು ಕೇಳಬೇಕು

ಬರೀ 6203 ಕೊಡಿ ಅಂದರೆ ಸಾಲದು. ಅದರ ಮುಂದಿನ ಅಕ್ಷರಗಳೇ ಮುಖ್ಯ. ಎರಡೂ ಬದಿ ರಬ್ಬರ್ ಸೀಲ್ ಇರುವುದು ಬೇಕು. ಅದನ್ನು 2ಆರ್‌ಎಸ್ ಅಂತ ಬರೆಯುತ್ತಾರೆ. ಎಸ್‌ಕೆಎಫ್‌ನವರು 2ಆರ್‌ಎಸ್‌ಎಚ್, ಎನ್‌ಎಸ್‌ಕೆಯವರು ಡಿಡಿಯು, ಎನ್‌ಟಿಎನ್‌ನವರು ಎಲ್‌ಎಲ್‌ಯು ಅನ್ನುತ್ತಾರೆ. ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ, ಅದರ ಅಂಚಿನಲ್ಲಿ ಕೂದಲೆಳೆಯ ಸಂದು ಇರುತ್ತದೆ, ನೀರು ನುಗ್ಗುತ್ತದೆ. ನಮ್ಮ ರಸ್ತೆಗೆ ಅದು ಬೇಡ. ಇನ್ನೊಂದು ಗುರುತು ಸಿ3. ಇದರಲ್ಲಿ ಗುಂಡುಗಳಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟಿರುತ್ತಾರೆ. ಇಂಜಿನ್ ಬಿಸಿಗೆ ಉಂಗುರ ಹಿಗ್ಗಿದಾಗ, ಬಿಗಿಯಾಗಿ ಒತ್ತಿ ಕೂರಿಸಿದಾಗ ಆ ಜಾಗ ಬೇಕಾಗುತ್ತದೆ. ಹಳೆಯದರ ಮೇಲೆ ಸಿ3 ಇದ್ದರೆ ಹೊಸದೂ ಅದೇ ಇರಲಿ.

ಎಸ್‌ಕೆಎಫ್, ಎಫ್‌ಎಜಿ, ಎನ್‌ಎಸ್‌ಕೆ, ಎನ್‌ಟಿಎನ್, ಕೋಯೋ, ಜೈಪುರದ ಎನ್‌ಬಿಸಿ, ಇವುಗಳಲ್ಲಿ ಯಾವುದಾದರೂ ಸರಿ, ಆದರೆ ಅಸಲಿ ಆಗಿರಬೇಕು. ಬೇರಿಂಗ್‌ನಲ್ಲಿ ಡುಪ್ಲಿಕೇಟ್ ಹಾವಳಿ ಜೋರು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಸುತ್ತಮುತ್ತ ಬೇಕಾದ್ದೆಲ್ಲ ಸಿಗುತ್ತದೆ, ಆದರೆ ಅಲ್ಲೂ ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ಕೊಂಡು ಬಿಲ್ ಕೇಳಿ. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಅಲ್ಲಿಂದ ಹೊರಡಿ. ಎಸ್‌ಕೆಎಫ್ ಆಥೆಂಟಿಕೇಟ್ ಅಂತ ಆ್ಯಪ್ ಇದೆ, ಫೋಟೊ ಕಳಿಸಿ ಕೇಳಬಹುದು. ಎಫ್‌ಎಜಿಗೆ ಪೆಟ್ಟಿಗೆ ಮೇಲಿನ ಕೋಡ್ ಸ್ಕ್ಯಾನ್ ಮಾಡುವ ಒರಿಜಿನ್‌ಚೆಕ್ ಆ್ಯಪ್ ಇದೆ.

ಹಳೇ ಬೇರಿಂಗಿನ ಸೀಲ್ ಎಬ್ಬಿಸಿ ಗ್ರೀಸ್ ತುಂಬಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಸಿರಿಂಜಿನಲ್ಲಿ ಗ್ರೀಸ್ ಚುಚ್ಚುವುದನ್ನೂ ನೋಡಿದ್ದೇನೆ. ಸದ್ದು ನಿಲ್ಲುತ್ತದೆ, ಊರು ಮುಟ್ಟಲು ಸಾಕು. ಆದರೆ ಸದ್ದು ಮಾಡಿದ ಬೇರಿಂಗಿನ ಗುಂಡು ಓಡುವ ದಾರಿ ಆಗಲೇ ಕಿತ್ತುಹೋಗಿರುತ್ತದೆ, ಗ್ರೀಸ್ ಅದನ್ನು ತುಂಬಿಕೊಡುವುದಿಲ್ಲ. ಹೊಸ ಬೇರಿಂಗಿಗೂ ಗ್ರೀಸ್ ಸೇರಿಸಬೇಡಿ. ಒಳಗೆ ಜಾಗ ಖಾಲಿ ಕಂಡರೆ ಅದು ಬೇಕೆಂದೇ ಬಿಟ್ಟದ್ದು. ಪೂರ್ತಿ ತುಂಬಿದರೆ ಗ್ರೀಸೇ ಕಲಕಿ ಕಾಯುತ್ತದೆ.

ತೆಗೆಯುವುದು, ಕೂರಿಸುವುದು

ಒತ್ತುವ ಮುಂಚೆ ಒಂದು ಅಳತೆ ಬೇಕು. ಪುಲ್ಲಿಯ ಅಂಚಿನಿಂದ ಬೇರಿಂಗ್ ಎಷ್ಟು ಒಳಗೆ ಕೂತಿದೆ ಅಂತ ವರ್ನಿಯರಿನ ಹಿಂಬದಿ ಕಡ್ಡಿಯಲ್ಲಿ ನೋಡಿ ಬರೆದಿಡಿ. ಯಾವ ಮುಖ ಇಂಜಿನ್ ಕಡೆಗಿತ್ತು ಅಂತಲೂ ಗುರುತು ಮಾಡಿ. ಹೊಸದು ಒಂದು ಮಿಲಿಮೀಟರ್ ಆಚೀಚೆ ಕೂತರೂ ಸಾಲು ತಪ್ಪಿ ಕೀಚ್ ಕೀಚ್ ಶುರುವಾಗಬಹುದು.

ಸರ್ಕ್ಲಿಪ್ ಇದ್ದರೆ ಮೊದಲು ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ, ಅದು ಹಾರುತ್ತದೆ. ಪುಲ್ಲಿಯ ಕೆಳಗೆ 40 ಮಿಲಿಮೀಟರ್ ಬೇರಿಂಗ್ ಸಲೀಸಾಗಿ ಇಳಿಯುವಷ್ಟು ಅಗಲದ ಸಾಕೆಟ್ ಅಥವಾ ಪೈಪ್ ತುಂಡು ಇಡಿ. ಅದು ಪುಲ್ಲಿಯ ನಡುಭಾಗಕ್ಕೆ, ಅಂದರೆ ಬೇರಿಂಗ್ ಕೂತಿರುವ ಗೂಡಿನ ಅಂಚಿಗೆ ತಾಗಬೇಕು. ಬೆಲ್ಟ್ ಓಡುವ ಹೊರ ಅಂಚಿಗೆ ಆಸರೆ ಕೊಟ್ಟು ಒತ್ತಿದರೆ ತಗಡಿನ ಪುಲ್ಲಿ ತಟ್ಟೆಯಂತೆ ಬಾಗುತ್ತದೆ. ಮೇಲಿಂದ ಸಣ್ಣ ಸಾಕೆಟ್ ಇಟ್ಟು ವೈಸ್ ತಿರುಗಿಸಿ. ತೆಗೆಯುವಾಗ ಒಳ ಉಂಗುರದ ಮೇಲೆ ಒತ್ತಿದರೂ ಪರವಾಗಿಲ್ಲ, ಹೇಗೂ ಗುಜರಿಗೆ ಹೋಗುವ ಬೇರಿಂಗ್. ಜಗ್ಗದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಇಡಿ. ಆದರೂ ಬರದಿದ್ದರೆ ಲೇತ್ ಅಂಗಡಿಗೆ ಒಯ್ಯಿರಿ, ಅವರ ಹೈಡ್ರಾಲಿಕ್ ಪ್ರೆಸ್‌ಗೆ ಒಂದು ನಿಮಿಷದ ಕೆಲಸ. ಅಲ್ಲಿ ನಿಂತು ನೋಡಿ, ಹೊಸದನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಲು ಬಿಡಬೇಡಿ.

ಬೇರಿಂಗ್ ಬಂದ ಮೇಲೆ ಗೂಡನ್ನು ಒರೆಸಿ ನೋಡಿ. ಕನ್ನಡಿಯಂತೆ ಹೊಳೆಯುವ ಗೆರೆಗಳಿದ್ದರೆ ಹಳೇ ಬೇರಿಂಗ್ ಗೂಡಿನೊಳಗೇ ಜಾರಿ ಸುತ್ತಿದೆ ಅಂತ ಅರ್ಥ. ಹೊಸದು ಕೈಯಲ್ಲೇ ಒಳಗೆ ಇಳಿದರಂತೂ ಪುಲ್ಲಿ ಹೋಯಿತು. ಕೆಲವು ಗ್ಯಾರೇಜುಗಳಲ್ಲಿ ಗೂಡಿನ ಸುತ್ತ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡುತ್ತಾರೆ. ಆ ಚುಕ್ಕೆಗಳ ತುದಿ ಮಾತ್ರ ಬೇರಿಂಗ್ ಹಿಡಿಯುತ್ತದೆ, ಕೆಲವೇ ದಿನಕ್ಕೆ ಅದೂ ಸವೆಯುತ್ತದೆ. ಹಾಗಾದಾಗ ಹೊಸ ಪುಲ್ಲಿ ತನ್ನಿ.

ಇನ್ನು ಕೂರಿಸುವುದು. ನಿಯಮ ಒಂದೇ: ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಅದರ ಮೇಲೆ ಮಾತ್ರ ಒತ್ತಬೇಕು. ಪುಲ್ಲಿಯಲ್ಲಿ ಬಿಗಿಯಾಗುವುದು ಹೊರ ಉಂಗುರ. ಒಳ ಉಂಗುರದ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹೊರ ಉಂಗುರಕ್ಕೆ ಹೋಗಬೇಕು. ಪ್ರತಿ ಗುಂಡು ತನ್ನ ದಾರಿಯಲ್ಲಿ ಒಂದು ಸಣ್ಣ ಗುಳಿ ಒತ್ತುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ. ಕೈಯಲ್ಲಿ ತಿರುಗಿಸಿದರೂ ಚೆನ್ನಾಗಿಯೇ ಇರುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಗರಗರ ಬಂದಾಗ "ಡುಪ್ಲಿಕೇಟ್ ಕೊಟ್ಟ" ಅಂತ ಅಂಗಡಿಯವನನ್ನು ಬೈಯುತ್ತೇವೆ.

6203ರ ಹೊರ ಉಂಗುರ ಒತ್ತಲು 38 ಅಥವಾ 39 ಮಿಲಿಮೀಟರ್ ಹೊರಸುತ್ತಿನ ಸಾಕೆಟ್ ಬೇಕು, ಸೀಲ್‌ಗೆ ತಾಗಬಾರದು. ಸಿಗದಿದ್ದರೆ ಹಳೇ ಬೇರಿಂಗೇ ಟೂಲ್. ಅದರ ಹೊರಸುತ್ತನ್ನು ಗ್ರೈಂಡರ್‌ಗೆ ಹಿಡಿದು ಅರ್ಧ ಮಿಲಿಮೀಟರ್ ಇಳಿಸಿ, ಆಗ ಅದು ಗೂಡಿನೊಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹೊಸದರ ಮೇಲೆ ಹಳೆಯದನ್ನು ಇಟ್ಟು ಒತ್ತಿದರೆ ಉಂಗುರಕ್ಕೆ ಉಂಗುರ ಸರಿಯಾಗಿ ಕೂರುತ್ತದೆ. ಹೀಗೆ ಮಾಡುವಾಗ ಮೇಲಿನ ಬಲವೂ ಹಳೆಯದರ ಹೊರ ಉಂಗುರದ ಮೇಲೇ ಬೀಳಬೇಕು, ಅಗಲ ವಾಷರ್ ಇಟ್ಟು ಅದರ ನಡುಭಾಗಕ್ಕೆ ಒತ್ತಬೇಡಿ.

ವೈಸ್ ಇಲ್ಲದವರಿಗೆ ಥ್ರೆಡ್ ರಾಡ್. 16 ಮಿಲಿಮೀಟರ್ ರಾಡ್ 17ರ ತೂತಿನೊಳಗೆ ಸರಿಯಾಗಿ ಹೋಗುತ್ತದೆ. ಕೆಳಗೆ ನಟ್ಟು, ವಾಷರ್, ಅಗಲದ ಸಾಕೆಟ್. ಅದರ ಮೇಲೆ ಪುಲ್ಲಿ, ಆಮೇಲೆ ಬೇರಿಂಗ್, ಒತ್ತುವ ಉಂಗುರ, ವಾಷರ್, ನಟ್ಟು. ಥ್ರೆಡ್‌ಗೆ ಗ್ರೀಸ್ ಹಚ್ಚಿ ನಿಧಾನಕ್ಕೆ ಬಿಗಿಸುತ್ತಾ ಹೋಗಿ. ಮೊದಲ ಎರಡು ಮಿಲಿಮೀಟರ್ ಇಳಿಯುವಾಗ ಬೇರಿಂಗ್ ವಾರೆಯಾಗಿಲ್ಲ ಅಂತ ನಾಲ್ಕೂ ಕಡೆಯಿಂದ ನೋಡಿ. ವಾರೆಯಾಗಿದ್ದರೆ ಬಲ ಹಾಕಿ ನೇರ ಮಾಡಲು ಹೋಗಬೇಡಿ, ಹೊರಗೆ ತೆಗೆದು ಮತ್ತೆ ಶುರುಮಾಡಿ. ಒತ್ತುವುದು ಹಗುರವಾಗಬೇಕಾದರೆ ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಲೋಹದ ಪುಲ್ಲಿಯನ್ನು 80ರಿಂದ 100 ಡಿಗ್ರಿವರೆಗೆ ಬಿಸಿ ಮಾಡಿ. ಬೆಂಕಿಗೆ ನೇರ ಹಿಡಿಯಬೇಡಿ.

ಬರೆದಿಟ್ಟ ಅಳತೆಗೆ ಬಂತಾ ನೋಡಿ, ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯಾ ನೋಡಿ, ತಿರುಗಿಸಿ. ಭಾರವಾಗಿ, ಸದ್ದಿಲ್ಲದೆ ತಿರುಗಬೇಕು.

ವಾಪಸ್ ಜೋಡಿಸುವುದು

ಬುಶ್, ಸ್ಪೇಸರ್ ಫೋಟೊದಲ್ಲಿದ್ದಂತೆ. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಟಾರ್ಕ್ ವ್ರೆಂಚ್. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8 ಮಿಲಿಮೀಟರ್ ಬೋಲ್ಟ್ 25 ನ್ಯೂಟನ್ ಮೀಟರ್ ಸುತ್ತಮುತ್ತ, 10ರದ್ದು 45ರಿಂದ 50. ಅಲ್ಯೂಮಿನಿಯಂ ಬ್ರಾಕೆಟ್‌ಗೆ ಹೋಗುವ ಬೋಲ್ಟ್ ಇನ್ನಷ್ಟು ಹುಷಾರು.

ಬೆಲ್ಟ್ ಕೈಯಲ್ಲಿರುವಾಗಲೇ ಅದನ್ನೂ ನೋಡಿ. ಅದರ ಬೆನ್ನ ಮೇಲೆ 6ಪಿಕೆ1045 ಅನ್ನುವ ಥರ ನಂಬರ್ ಇರುತ್ತದೆ: ಆರು ಗೆರೆ, ಉದ್ದ 1045 ಮಿಲಿಮೀಟರ್. ಈಗಿನ ಬೆಲ್ಟ್‌ಗಳ ರಬ್ಬರ್ ಹಳೇ ಕಾಲದವುಗಳಂತೆ ಬೇಗ ಬಿರುಕು ಬಿಡುವುದಿಲ್ಲ. ಬಿರುಕಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ಅಲ್ಲ. ಗೆರೆಗಳ ನಡುವಿನ ಸಂದು ಅಗಲವಾಗಿ ಸವೆದಿದೆಯಾ, ಬದಿಯ ನೂಲು ಎದ್ದಿದೆಯಾ, ಎಣ್ಣೆ ಕುಡಿದು ಮೆತ್ತಗಾಗಿದೆಯಾ ನೋಡಿ ತೀರ್ಮಾನ ಮಾಡಿ.

ಬೆಲ್ಟ್ ಹಾಕುವಾಗ ಎಲ್ಲ ಪುಲ್ಲಿಗೂ ಸುತ್ತಿ, ಅಂಚಿಲ್ಲದ ಐಡ್ಲರನ್ನು ಕೊನೆಗಿಟ್ಟುಕೊಳ್ಳಿ. ಪ್ರತಿ ಗೆರೆಯೂ ತನ್ನ ಸಾಲಿನಲ್ಲೇ ಕೂತಿದೆಯಾ ಅಂತ ಬೆರಳಿನಿಂದ ಸವರಿ ನೋಡಿ. ಒಂದು ಗೆರೆ ಹೊರಗೆ ಉಳಿದರೆ ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಸೀಳುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಇಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಸುತ್ತು ಕೈಯಲ್ಲಿ ತಿರುಗಿಸಿ ಮತ್ತೆ ನೋಡಿ.

ಕೈಯಲ್ಲಿ ಬಿಗಿ ಮಾಡುವ ಪದ್ಧತಿಯಾದರೆ, ಎರಡು ಪುಲ್ಲಿಗಳ ನಡುವೆ ಅತಿ ಉದ್ದ ಇರುವ ಜಾಗದಲ್ಲಿ ಸುಮಾರು 10 ಕಿಲೋ ಬಲದಿಂದ ಒತ್ತಿದಾಗ ಬೆಲ್ಟ್ 10 ಮಿಲಿಮೀಟರ್ ಆಸುಪಾಸು ತಗ್ಗಬೇಕು, ಹೊಸ ಬೆಲ್ಟ್ ಅದಕ್ಕಿಂತ ಕಮ್ಮಿ. ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಸದ್ದು ಬರಬಾರದು ಅಂತ ವೀಣೆಯ ತಂತಿ ಹಾಗೆ ಬಿಗಿಯಬೇಡಿ. ಐಡ್ಲರ್, ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲದರ ಬೇರಿಂಗ್ ಆಯಸ್ಸೂ ಅಲ್ಲೇ ಕಮ್ಮಿಯಾಗುತ್ತದೆ. ಬಿಗಿ ಸರಿಯಾದ ಮೇಲೆ ನಡುವಿನ ಲಾಕ್ ನಟ್ ಟೈಟ್ ಮಾಡಿ, ಆಮೇಲೆ ಇನ್ನೊಮ್ಮೆ ಒತ್ತಿ ನೋಡಿ, ಯಾಕಂದ್ರೆ ನಟ್ ಬಿಗಿಯುವಾಗ ಪುಲ್ಲಿ ಸ್ವಲ್ಪ ಸರಿಯುತ್ತದೆ.

ಟೂಲ್ ಎಣಿಸಿ, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡಿ. ಬೆಲ್ಟಿನ ನೇರಕ್ಕೆ ನಿಲ್ಲಬೇಡಿ, ಪಕ್ಕದಿಂದ ನೋಡಿ. ಎಸಿ ಹಾಕಿ, ಸ್ಟೀರಿಂಗ್ ತಿರುಗಿಸಿ, ಹೆಡ್‌ಲೈಟ್ ಹಾಕಿ, ಎಲ್ಲ ಭಾರ ಬಿದ್ದಾಗಲೂ ಬೆಲ್ಟ್ ಓಲಾಡಬಾರದು. ಹೊಸ ಬೆಲ್ಟ್ ಹಾಕಿ ಕೈಯಲ್ಲಿ ಬಿಗಿ ಮಾಡಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬಿಗಿ ಮತ್ತೆ ನೋಡಬೇಕು, ಅದು ಸ್ವಲ್ಪ ಸಡಿಲವಾಗಿರುತ್ತದೆ.

ತಪ್ಪು ಐಡ್ಲರ್‌ದಲ್ಲ ಅಂತಾದರೆ

ಎಸಿ ಕಂಪ್ರೆಸರ್ ಪುಲ್ಲಿಯ ಬೇರಿಂಗ್ ಎಸಿ ಹಾಕದಿದ್ದರೂ ಸುತ್ತುತ್ತಲೇ ಇರುತ್ತದೆ, ಹಾಗಾಗಿ "ನಾನು ಎಸಿ ಬಳಸುವುದೇ ಇಲ್ಲ" ಅನ್ನುವವರ ಕಾರಿನಲ್ಲೂ ಅದು ಸವೆಯುತ್ತದೆ. ಎಸಿ ಅಂಗಡಿಯಲ್ಲಿ ಇದಕ್ಕೆ ಗ್ಯಾಸ್ ತೆಗೆದು ಪೂರ್ತಿ ಕಂಪ್ರೆಸರ್ ಬದಲಿಸಬೇಕು ಅಂದರೆ ಒಪ್ಪಬೇಡಿ. ಕೈ ಹೋಗುವಷ್ಟು ಜಾಗ ಇದ್ದರೆ ಗ್ಯಾಸ್ ಮುಟ್ಟದೆ ಮುಂದಿನ ಕ್ಲಚ್ ಪ್ಲೇಟ್, ಸರ್ಕ್ಲಿಪ್, ಪುಲ್ಲಿ ತೆಗೆದು ಬೇರಿಂಗ್ ಒಂದನ್ನೇ ಬದಲಿಸಬಹುದು. ಇದರ ಬೇರಿಂಗ್ ಬೇರೆ ಥರ, ಎರಡು ಸಾಲು ಗುಂಡು. 35, 55, 20 ಮಿಲಿಮೀಟರ್‌ನದು ಬಹಳ ಕಡೆ ಸಿಗುತ್ತದೆ. ಕ್ಲಚ್ ಪ್ಲೇಟ್ ಹಿಂದಿನ ತೆಳು ಶಿಮ್ (ಸಂದು ಹೊಂದಿಸುವ ವಾಷರ್) ಕಳೆಯಬೇಡಿ. ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್, ಅದನ್ನು ಹಿಡಿಯುವುದು ಆ ಶಿಮ್.

ಆಲ್ಟರ್ನೇಟರ್‌ನಲ್ಲಿ ಮುಂದೆ ಒಂದು ಹಿಂದೆ ಒಂದು ಬೇರಿಂಗ್ ಇರುತ್ತದೆ, ಪೂರ್ತಿ ಬಿಚ್ಚಿಯೇ ತೆಗೆಯಬೇಕು. ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದು ಎರಡನ್ನೂ, ಜೊತೆಗೆ ಬ್ರಶ್ಶನ್ನೂ ಹಾಕಿಸಿ. ಅದರ ಪುಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿಯಾಗಿದ್ದರೆ, ಎರಡೂ ದಿಕ್ಕಿಗೆ ಹಿಡಿತವಿಲ್ಲದೆ ತಿರುಗುತ್ತಿದ್ದರೂ ಎರಡೂ ದಿಕ್ಕಿಗೆ ಹಿಡಿದುಕೊಂಡರೂ ಅದು ಕೆಟ್ಟಿದೆ. ಐಡಲ್‌ನಲ್ಲಿ ಟೆನ್ಷನರ್ ತೋಳು ಗಡಗಡ ನಡುಗಲು ಅದೂ ಒಂದು ಕಾರಣ.

ವಾಟರ್ ಪಂಪಿನ ಬೇರಿಂಗ್ ಹೋಗಿದ್ದರೆ ಬೇರಿಂಗ್ ಹುಡುಕಬೇಡಿ, ಪಂಪನ್ನೇ ಬದಲಿಸಿ. ಅದರ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಜಿನುಗಿದ ಕಲೆ ಇದ್ದರೆ ಸೀಲೂ ಹೋಗಿದೆ, ಆ ಕಾರನ್ನು ದೂರದ ಊರಿಗೆ ಒಯ್ಯಬೇಡಿ.